ಪ್ರತಿಕ್ರಿಯೆ: ತಾರಿಹಾಳದ ವರ್ಕ್‌ಶಾಪಿಗೆ ಕ್ಷಿಪಣಿಯ ಕೆಲಸ ಸಿಗಬಹುದೇ?

ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳಿರುವ ತಮ್ಮ ಘಟಕವು, ವಿಮಾನದಿಂದ ಉಡಾಯಿಸುವ ಅಸ್ತ್ರಗಳ ಬಿಡಿಭಾಗಗಳಿಗಾಗಿ ವಾಯುಪಡೆಯ ಟೆಂಡರಿಗೆ ನೇರವಾಗಿ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಆ ದಾರಿ ತಮಗಲ್ಲ ಎಂದೇ ನನ್ನ ಅಭಿಪ್ರಾಯ. ಸೇನೆ ಸಾಮಾನ್ಯವಾಗಿ ಕೊಳ್ಳುವುದು ಇಡೀ ಅಸ್ತ್ರವನ್ನು. ಡಿಆರ್‌ಡಿಒ ರೂಪಿಸಿದ ‘ಅಸ್ತ್ರ’ ಮಾರ್ಕ್-1 ಕ್ಷಿಪಣಿಗೆ 2022ರ ಮೇ ತಿಂಗಳಲ್ಲಿ 2,971 ಕೋಟಿ ರೂಪಾಯಿಯ ಒಪ್ಪಂದವಾದದ್ದು ಕ್ಷಿಪಣಿ ತಯಾರಿಸುವ ಸರ್ಕಾರಿ ಕಂಪನಿ ಭಾರತ್ ಡೈನಾಮಿಕ್ಸ್ ಜೊತೆಗೆ, ಸಣ್ಣ ಘಟಕಗಳಿಗೆ ಕೆಲಸ ಇಳಿದು ಬರುವುದು ಅಂಥ ಕಂಪನಿಗಳ ಮೂಲಕ. ‘ಗೌರವ್’ ಗ್ಲೈಡ್ ಬಾಂಬಿನಲ್ಲಂತೂ (ವಿಮಾನದಿಂದ ಬಿಟ್ಟ ಮೇಲೆ ರೆಕ್ಕೆಗಳ ಬಲದಿಂದ ತೇಲಿ ಗುರಿ ಸೇರುವ ಬಾಂಬು) ಅದಾನಿ ಡಿಫೆನ್ಸ್ ಮತ್ತು ಭಾರತ್ ಫೋರ್ಜ್ ಅಭಿವೃದ್ಧಿಯ ಹಂತದಿಂದಲೇ ಪಾಲುದಾರರಾಗಿರುವುದರಿಂದ, ಮುಂದಿನ ಅಸ್ತ್ರಗಳು ಇನ್ನೂ ನಕ್ಷೆಯಲ್ಲಿರುವಾಗಲೇ ಇಂಥವರ ಪೂರೈಕೆದಾರರ ಪಟ್ಟಿ ಸೇರುವುದು ಲೇಸು.

ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ ವಿಮಾನ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಪ್ರಮಾಣಪತ್ರದ ಕಡೆ ನೋಡಿರಿ. ಗೋಕುಲ ರಸ್ತೆಯ ನಮ್ಮ ಶೆಡ್ಡಿನಿಂದ ಮೊದಲ ಬಾರಿ ವಿಮಾನದ ಕೆಲಸಕ್ಕೆಂದು ಕಳುಹಿಸಿದ ನಲವತ್ತು ಪಿನ್ನುಗಳ ಅಳತೆಯಲ್ಲಿ ಒಂದು ಮೈಕ್ರಾನ್ ದೋಷವೂ ಇರಲಿಲ್ಲ. ಆದರೂ ಉಕ್ಕಿನ ಸರಳಿನ ಹೀಟ್ ನಂಬರನ್ನು (ಆ ಉಕ್ಕು ಯಾವ ಸಲದ ಕರಗಿಸುವಿಕೆಯದ್ದೆಂದು ಹೇಳುವ ಸಂಖ್ಯೆ) ದಾಖಲೆಯಲ್ಲಿ ಬರೆದಿರಲಿಲ್ಲವೆಂದು ಅಷ್ಟೂ ಮರಳಿ ಬಂದವು. (ತಪ್ಪು ನಮ್ಮದೇ.) ಬೆಳಗಾವಿಯ ಏರೋಸ್ಪೇಸ್ ವಲಯದಲ್ಲಿ ನಾಗರಿಕ ವಿಮಾನಗಳ ಬಿಡಿಭಾಗ ಮಾಡಿ ಕೈ ಪಳಗಿಸಿಕೊಂಡರೆ, ಆ ಶಿಸ್ತೇ ಕ್ಷಿಪಣಿಯ ಕೆಲಸಕ್ಕೂ ಬರುತ್ತದೆ.