ಮಕ್ಕಳು ಹಂಚಿಕೊಳ್ಳುವ ಫೋಟೋದಿಂದ ಮನೆ ಎಲ್ಲಿದೆ ಅಂತ ಗೊತ್ತಾಗುತ್ತದೆಯೇ?

ಗೊತ್ತಾಗಬಹುದು. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ, ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಫೈಲ್‌ನೊಳಗೇ ಸೇರಿಕೊಳ್ಳಬಹುದು. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾದ ಲೊಕೇಶನ್ ಅನುಮತಿ ತೆಗೆದುಬಿಡಿ. ಹಳೆಯ ಫೋಟೋಗಳಲ್ಲಿ ಮಾತ್ರ ಇದ್ದದ್ದು ಇದ್ದೇ ಇರುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಕಣ್ಣಿಗೆ ಕಾಣುವ ಸುಳಿವುಗಳದ್ದು. ಯೂನಿಫಾರ್ಮ್ ಮೇಲಿನ ಶಾಲೆಯ ಹೆಸರು, ಗೇಟಿನ ಮೇಲಿನ ಮನೆ ನಂಬರ್, ಹಿಂದೆ ನಿಂತ ಗಾಡಿಯ ನಂಬರ್ ಪ್ಲೇಟ್. ಇವನ್ನು ಯಾವ ಸೆಟ್ಟಿಂಗೂ ಅಳಿಸುವುದಿಲ್ಲ, ಅಲ್ವಾ? ಮಕ್ಕಳಿಗೆ ಸುಮ್ನೆ ಬೈಯುವ ಬದಲು ಅವರದೇ ಒಂದು ಫೋಟೋ ಮುಂದಿಟ್ಟು, ಗುರುತಿಲ್ಲದವರು ಇದರಿಂದ ಏನೇನು ಕಂಡುಹಿಡಿಯಬಹುದು ಅಂತ ಅವರಿಂದಲೇ ಹುಡುಕಿಸಿ.