ಸಾರು ಯಾವ ನೀರಿನದು, ಮೇಷ್ಟ್ರೇ?

ಪತ್ರ: “ನಿಮ್ಮ ಪತ್ರಿಕೆ ಸದಾ ನೀರು, ಕೊಳವೆಬಾವಿ ಎಂದು ಬರೆಯುತ್ತಲೇ ಇರುತ್ತದೆ. ನಮ್ಮ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇರುವುದು ನಿಜ. ಆದರೆ ಅವರು ತಿನ್ನುವುದೇನು? ಅಂಗಡಿಯ ಕುರುಕಲು, ಪಾಲಿಶ್ ಅಕ್ಕಿಯ ಅನ್ನ. ಹಿಂದಿನವರ ಹಾಗೆ ರಾಗಿ, ಸೊಪ್ಪು, ಹಾಲು ಉಂಡರೆ ಯಾವ ನೀರೂ ಏನೂ ಮಾಡದು. ಜನ ತಮ್ಮ ಬಾಯಿಯನ್ನು ನೋಡಿಕೊಳ್ಳಲಿ, ನೀರನ್ನು ದೂರುವುದು ಬೇಡ.”
– ಪಾವಗಡ ತಾಲ್ಲೂಕಿನ ಒಬ್ಬ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಹಲ್ಲನ್ನು ಇಷ್ಟು ಹತ್ತಿರದಿಂದ ನೋಡುವ ಮೇಷ್ಟರು ಸಿಕ್ಕಿರುವುದು ಆ ಮಕ್ಕಳ ಪುಣ್ಯ. ಕೊನೆಯ ಸಾಲು ಮಾತ್ರ ನನ್ನ ಗಂಟಲಲ್ಲೇ ಉಳಿಯಿತು.

ಮೊದಲು ನಿಮ್ಮ ಕಡೆಯ ಮಾತು. ಕೊಳವೆಬಾವಿಯ ನೀರಿನಲ್ಲಿ ಕರಗಿ ಬಂದು, ಮಿತಿ ಮೀರಿದರೆ ಹಲ್ಲಿಗೆ ಕಲೆ ಹಾಕಿ ಮೂಳೆ ಬಿಗಿಸುವ ಫ್ಲೋರೈಡಿಗೂ ಊಟಕ್ಕೂ ನಂಟು ಇದೆ. ಹೊಟ್ಟೆಗೆ ಕ್ಯಾಲ್ಸಿಯಂ ಚೆನ್ನಾಗಿ ಬೀಳುವ ಮಗುವಿನ ಮೂಳೆ ಒಂದಿಷ್ಟು ತಡೆದುಕೊಳ್ಳುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲಾ ಹುಡುಗರಿಗೆ ದಿನವೂ ಹುಣಸೆಹಣ್ಣು ಕೊಟ್ಟು ನೋಡಿದಾಗ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು. ಇಷ್ಟನ್ನು ಒಪ್ಪುತ್ತೇನೆ. ಆದರೆ ಅದೇ ಸಂಸ್ಥೆ 1970ರ ದಶಕದಲ್ಲಿ ಇನ್ನೊಂದನ್ನೂ ಕಂಡಿತ್ತು: ಅಕ್ಕಿ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ. ಜೋಳದ ರೊಟ್ಟಿ ಹಿಂದಿನವರ ಊಟವೇ ತಾನೆ? ನೀರು ಕೆಟ್ಟರೆ ಒಳ್ಳೆಯ ಊಟವೂ ಕೈ ಕೊಡುತ್ತದೆ.

ಹಲ್ಲು ಕಂದಾದಾಗ ಊಟವನ್ನು ದೂರಿದವರಲ್ಲಿ ನೀವು ಮೊದಲಿಗರೇನಲ್ಲ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದ ಬಹಳ ಮಂದಿಯ ಹಲ್ಲು ಚಾಕೊಲೇಟ್ ಬಣ್ಣ. ಕಾರಣ ಕೇಳಿದರೆ ಒಬ್ಬರು ಹಂದಿಮಾಂಸ ಜಾಸ್ತಿ ತಿಂದಿದ್ದಕ್ಕೆ ಎಂದರು, ಇನ್ನೊಬ್ಬರು ಹಾಲು ಸರಿಯಿಲ್ಲ ಎಂದರು. ಮೆಕೇ ಹಟ ಬಿಡದೆ ವರ್ಷಾನುಗಟ್ಟಲೆ ಹುಡುಕಿದ. 1923ರಲ್ಲಿ ಐಡಾಹೊದ ಓಕ್ಲಿ ಎಂಬ ಊರಿನ ತಂದೆತಾಯಿಯರು ಅವನಿಗೆ ಒಂದು ಸುಳಿವು ಕೊಟ್ಟರು: ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಎಳೆದ ಮೇಲೆ ಮಕ್ಕಳ ಹಲ್ಲಿಗೆ ಈ ಕಲೆ ಬಂತು. ನೀರನ್ನು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಅವನು ಆ ಪೈಪು ಬಿಡಿ, ಹತ್ತಿರದ ಬೇರೆ ಬುಗ್ಗೆಯ ನೀರು ಕುಡಿಯಿರಿ ಎಂದ. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಿಳಿ ಹಲ್ಲು ಹುಟ್ಟತೊಡಗಿದವು. ಫ್ಲೋರೈಡ್ ಎಂಬ ಹೆಸರು ಹೊರಬಿದ್ದದ್ದು 1931ರಲ್ಲಿ. ಓಕ್ಲಿಯ ತಾಯಂದಿರು ಅಡುಗೆ ಬದಲಿಸಲಿಲ್ಲ ಮೇಷ್ಟ್ರೇ, ನೀರು ಬದಲಿಸಿದರು. ನಮ್ಮಲ್ಲಿಯೂ ಈ ರೋಗ ಹೊಸದಲ್ಲ, ನೆಲ್ಲೂರಿನ ಕಡೆ ಮೂಳೆ ಕಟ್ಟಿಕೊಂಡವರ ವಿಷಯ 1937ರಲ್ಲೇ ವೈದ್ಯರ ಬರವಣಿಗೆಯಲ್ಲಿ ಬಂದಿತ್ತು.

ನಮ್ಮ ಸೀಮೆಯದು ಗ್ರಾನೈಟ್ ನೆಲ. ಬಂಡೆಯ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಕಲ್ಲಿನೊಳಗಿನ ಫ್ಲೋರೈಡನ್ನು ಬಿಡಿಸಿಕೊಳ್ಳುತ್ತದೆ. ನನ್ನ ಅಜ್ಜಿಯ ಸೇದೋ ಬಾವಿ ಮೂವತ್ತು ಅಡಿ ಆಳದ್ದು. ಈಗ ಅದೇ ಹೊಲದಲ್ಲಿ ಸಾವಿರ ಅಡಿ ಕೊರೆಸುತ್ತಾರೆ. ಒಂದು ರಾತ್ರಿ ನಾನೂ ಅಲ್ಲಿ ನಿಂತಿದ್ದೆ. ಬೋರ್ ಲಾರಿಯ ಬೆಳಕಿನಲ್ಲಿ ಬೂದಿಯಂಥ ಕಲ್ಲುಪುಡಿ ಮೇಲೆ ಚಿಮ್ಮಿ ಬಿಳಿ ಅಂಗಿಗಳ ಮೇಲೆಲ್ಲ ಕೂರುತ್ತಿತ್ತು. ಬೆಳಗಿನ ಜಾವ ನೀರು ಬಂತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಆ ನೀರನ್ನೇ ಕೈಯಲ್ಲಿ ಹಿಡಿದು ಕುಡಿದರು.

ಬೋರನ್ನು ತಂದವರನ್ನು ನಾನು ಬೈಯುವುದಿಲ್ಲ. ಆ ಕಾಲದ ಮೆಟ್ಟಿಲುಬಾವಿಯಲ್ಲಿ, ಕುಡಿದವರ ಚರ್ಮ ಸೀಳಿ ಹೊರಬರುವ ನಾರುಹುಣ್ಣಿನ ಹುಳು ಇತ್ತು, ಕೆರೆನೀರಿನಲ್ಲಿ ವಾಂತಿಭೇದಿ ಇತ್ತು. ನಾರುಹುಣ್ಣು ದೇಶ ಬಿಟ್ಟು ಹೋಗಿದೆ ಎಂದು 2000ದಲ್ಲಿ ಅಧಿಕೃತವಾಗಿ ಸಾರಿದರು. ಅದರಲ್ಲಿ ಕೈಪಂಪಿನ ಪಾಲೂ ಇದೆ. ನನ್ನ ಸಂಕಟ ಬೇರೆ: ಕೆರೆಯ ಹೂಳು ತೆಗೆಯುವುದನ್ನೂ ಮಳೆನೀರು ಹಿಡಿಯುವುದನ್ನೂ ಬಿಟ್ಟು, ಬತ್ತಿದಾಗೆಲ್ಲ ಇನ್ನೂ ಆಳಕ್ಕೆ ಹೋದೆವು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಸೂರಿನಿಂದ ಸುರಿದು ಚರಂಡಿಗೆ ಹೋಗುತ್ತಿದೆ.

ನಿಮ್ಮ ತಾಲ್ಲೂಕಿನದೇ ಒಂದು ಹಳ್ಳಿಯಲ್ಲಿ ಜಗಲಿ ಮೇಲೆ ಕೂತಿದ್ದವರನ್ನು ಹಿಂದಿನಿಂದ “ಅಣ್ಣಾ” ಎಂದು ಕರೆದೆ. ಕತ್ತು ತಿರುಗಲಿಲ್ಲ. ಎರಡೂ ಕೈ ನೆಲಕ್ಕೂರಿ, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು. ಗದ್ದವನ್ನು ಎದೆಗೆ ತಾಗಿಸಲು ಕೇಳಿದೆ, ನಾಲ್ಕು ಬೆರಳಿನಷ್ಟು ಮೇಲೇ ನಿಂತಿತು. ಮಂಡಿ ಮಡಿಸದೆ ಬಗ್ಗಿದರೆ ಕೈ ಮೊಣಕಾಲು ದಾಟಲಿಲ್ಲ. ಕುಕ್ಕರಗಾಲಲ್ಲಿ ಕೂತು ಎಷ್ಟು ವರ್ಷವಾಯಿತೋ ನೆನಪಿಲ್ಲ ಎಂದರು. ಅವರ ವಯಸ್ಸು ನಲವತ್ತೆಂಟು. ಹುಟ್ಟಿದಾರಭ್ಯ ಉಂಡದ್ದು ರಾಗಿಮುದ್ದೆ, ಹುರುಳಿಸಾರು, ಅಣ್ಣೆಸೊಪ್ಪು. ನೀವು ಹೇಳುವ ಊಟವನ್ನು ಅವರಷ್ಟು ನಿಷ್ಠೆಯಿಂದ ಉಂಡವರು ಯಾರು?

ಆರೋಗ್ಯದ ಮಾತೆಂದರೆ ಈಗ ಎಲ್ಲ ಕಡೆ ತಟ್ಟೆಯದೇ ಮಾತು. ಟೀವಿಯಲ್ಲಿ ಬೆಳಿಗ್ಗೆ ಒಬ್ಬರು ಸಿರಿಧಾನ್ಯ ತಿನ್ನಿ ಎನ್ನುತ್ತಾರೆ, ಸಂಜೆ ಇನ್ನೊಬ್ಬರು ನುಗ್ಗೆಸೊಪ್ಪು ಎನ್ನುತ್ತಾರೆ. ಕೂಲಿಗೆ ಹೋಗುವ ತಾಯಿ ಮಗನ ಹಲ್ಲು ನೋಡಿ, ತಾನೇ ಸರಿಯಾಗಿ ಬೇಯಿಸಿ ಹಾಕಲಿಲ್ಲವೇನೋ ಎಂದು ಕೊರಗುತ್ತಾಳೆ. ಅವಳ ಮನೆಯ ನಲ್ಲಿಯ ನೀರಿನಲ್ಲಿ ಏನಿದೆ ಎಂದು ಒಂದು ಚೀಟಿ ಬರೆದು ಕೊಟ್ಟವರಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 1.5 ಮೀರದಿರಲಿ ಎಂದು ಸರ್ಕಾರದ ಮಾನಕವೇ ಹೇಳುತ್ತದೆ. ಅಳೆದು ಹೇಳುವ ಕೆಲಸ ಅವಳದಲ್ಲ. ಊಟ ಅವಳ ಕೈಯಲ್ಲಿದೆ, ಸಾವಿರ ಅಡಿ ಕೆಳಗಿನ ಬಂಡೆ ಅವಳ ಕೈಯಲ್ಲಿಲ್ಲ. ಇದನ್ನು ನಾನು ಹೇಳುತ್ತಲೇ ಇರುತ್ತೇನೆ, ಓದುಗರಿಗೆ ಬೇಸರವಾದರೂ ಸರಿ.

ಊರಲ್ಲಿ ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನಬಹುದು. ಇದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆದರೆ ಆ ಕ್ಯಾನು ಕುಡಿಯುವುದಕ್ಕೆ ಮಾತ್ರ. ಮುದ್ದೆಯ ಎಸರು, ಬೇಳೆ, ಸಾರು ಎಲ್ಲ ಬೋರಿನ ನೀರಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಲಿನ ಮಾತು ನೀವೇ ಎತ್ತಿದಿರಿ. ಕ್ಷೀರಭಾಗ್ಯ 2013ರಲ್ಲಿ ಶುರುವಾದಾಗ ಒಬ್ಬೊಬ್ಬ ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು ಎಂದು ಲೆಕ್ಕ ಹಾಕಿದ್ದರು. ಒಳ್ಳೆಯ ಯೋಜನೆ. ಆದರೆ ಪುಡಿ ಕಲಸುವ ನೀರು ಶಾಲೆಯದು. ಎಂಟು ವರ್ಷದೊಳಗಿನ ಮಗುವಿನ ದವಡೆಯೊಳಗೆ ಕಾಯಂ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಆಗ ಬಿದ್ದ ಕಲೆ ಆಮೇಲೆ ಉಜ್ಜಿದರೆ ಹೋಗುವುದಿಲ್ಲ. ನಿಮ್ಮ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಇನ್ನೂ ಸಮಯ ಇದೆ.

ಆದ್ದರಿಂದ ಸೋಮವಾರ ಬಿಸಿಯೂಟದ ಕೋಣೆಗೆ ಹೋಗಿ. ಅಡುಗೆಯಮ್ಮನನ್ನು ಕೇಳಿ: ಸಾರಿಗೆ ಯಾವ ನೀರು, ಹಾಲಿಗೆ ಯಾವ ನೀರು? ತೊಳೆದ ಬಾಟಲಿಯಲ್ಲಿ ಆ ನೀರನ್ನು ತುಂಬಿ ನೀರು ಪರೀಕ್ಷೆಯ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕಿಯನ್ನು ನನಗೆ ಬರೆಯಿರಿ. ಶಾಲೆಯ ಹೆಸರು ಹಾಕದೆ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರವನ್ನೇ ಮೊದಲು ಅಚ್ಚು ಹಾಕುತ್ತೇನೆ.
– ಸಂ.