ಇಪ್ಪತ್ತು ಡಾಲರ್ ನೋಟಿನ ಮೇಲಿನ ಕೈದಿ

ಪ್ರಶ್ನೆ: ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಕನ್ನಡಕ ಹಾಕಿ, ತಲೆಗೆ ಕುಲಾವಿ ಕಟ್ಟಿಕೊಂಡ ಹೆಂಗಸೊಬ್ಬರ ಚಿತ್ರವಿದೆ. ಆಕೆ ಕುದುರೆ ಕದ್ದು ಗಡೀಪಾರಾದವಳೆಂದು ಕೇಳಿದೆ. ಇದು ನಿಜವೇ?

ಉತ್ತರ: ನಿಜ. ಆಕೆ ಮೇರಿ ರೀಬಿ, 1777ರಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಬರಿ ಎಂಬ ಊರಿನಲ್ಲಿ ಹುಟ್ಟಿದವಳು. ಕುದುರೆಯ ಸಮೇತ ಸಿಕ್ಕಿಬಿದ್ದಾಗ ಅವಳು ಗಂಡುಡುಗೆಯಲ್ಲಿದ್ದಳು, ಹೆಸರನ್ನು ಜೇಮ್ಸ್ ಬರೋ ಎಂದು ಹೇಳಿಕೊಂಡಿದ್ದಳು. ಹುಡುಗಿ ಎಂಬುದು ಬಯಲಾದ ಮೇಲೂ ಶಿಕ್ಷೆ ತಪ್ಪಲಿಲ್ಲ. 1791ರ ಜುಲೈನಲ್ಲಿ, ಹದಿನಾಲ್ಕು ತುಂಬಿ ಎರಡು ತಿಂಗಳಾಗಿದ್ದ ಅವಳಿಗೆ ಸ್ಟಾಫರ್ಡಿನ ನ್ಯಾಯಾಲಯ, ಬ್ರಿಟನ್ ತನ್ನ ಕೈದಿಗಳನ್ನು ಸಾಗಿಸುತ್ತಿದ್ದ ಆಸ್ಟ್ರೇಲಿಯಾದ ವಸಾಹತಿಗೆ ಏಳು ವರ್ಷಗಳ ಗಡೀಪಾರು ವಿಧಿಸಿತು.

ಮರುವರ್ಷದ ಅಕ್ಟೋಬರಿನಲ್ಲಿ 'ರಾಯಲ್ ಅಡ್ಮಿರಲ್' ಹಡಗು ಸಿಡ್ನಿ ಮುಟ್ಟಿದ ಬೆನ್ನಿಗೇ, ಇನ್ನೂ ಹಡಗಿನಲ್ಲೇ ಕುಳಿತು ಅವಳು ಊರಿನಲ್ಲಿದ್ದ ತನ್ನ ಬಂಧುವೊಬ್ಬಳಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ನೋಡುವುದಕ್ಕೆ ಜಾಗ ಚೆನ್ನಾಗಿಯೇ ಇದೆ, ವಾರಕ್ಕೆ ನಾಲ್ಕು ಜೊತೆ ಷರಾಯಿ ಹೊಲಿದರೆ ಸಾಕಂತೆ, ಒಂದು ಪೌಂಡ್ ಅಕ್ಕಿಯೂ ನಾಲ್ಕು ಪೌಂಡ್ ಹಂದಿಮಾಂಸವೂ ಸಿಗುತ್ತವಂತೆ ಎಂದು ಲೆಕ್ಕ ಒಪ್ಪಿಸುತ್ತ ಹೋಗುವ ಹುಡುಗಿ, ನಡುವೆ ತಟ್ಟನೆ ತನ್ನದು ಏಳು ವರ್ಷವಲ್ಲ, ಜೀವಾವಧಿ ಎಂದು ಇಲ್ಲಿಯವರು ಹೇಳುತ್ತಿದ್ದಾರೆಂದು ದುಃಖಿಸುತ್ತಾಳೆ. ಎರಡು ಮೂರು ವರ್ಷಗಳಲ್ಲಿ ಹೇಗಾದರೂ ಹೊರಟುಬರುವ ದಾರಿ ನೋಡುತ್ತೇನೆ ಎಂದೂ ಬರೆಯುತ್ತಾಳೆ. ತನ್ನ ಶಿಕ್ಷೆ ಎಷ್ಟು ವರ್ಷದ್ದೆಂಬುದೇ ಶಿಕ್ಷೆ ಅನುಭವಿಸುವವಳಿಗೆ ಖಚಿತವಿರಲಿಲ್ಲ ಎಂಬ ಈ ಒಂದು ಸಂಗತಿ, ನನ್ನ ಮಟ್ಟಿಗೆ, ಅವಳ ಮುಂದಿನ ಸಿರಿವಂತಿಕೆಯ ಕಥೆಗಿಂತ ಹೆಚ್ಚಿನದನ್ನು ಹೇಳುತ್ತದೆ.

ಮೊದಲು ಅವಳು ಮೇಜರ್ ಗ್ರೋಸ್ ಎಂಬ ಸೇನಾಧಿಕಾರಿಯ ಮನೆಯಲ್ಲಿ ಮಕ್ಕಳನ್ನಾಡಿಸುವ ಕೆಲಸಕ್ಕಿದ್ದಳು. 1794ರಲ್ಲಿ ಥಾಮಸ್ ರೀಬಿ ಎಂಬ ಹಡಗಿನ ಕಿರಿಯ ಅಧಿಕಾರಿಯನ್ನು ಮದುವೆಯಾದಳು. 1811ರಲ್ಲಿ ಗಂಡ ತೀರಿಕೊಂಡಾಗ ಏಳು ಮಕ್ಕಳ ಜೊತೆಗೆ ಹಡಗುಗಳು, ದಾಸ್ತಾನು ಮಳಿಗೆ, ಹೊಲಗದ್ದೆಗಳೆಲ್ಲ ಅವಳ ತಲೆಯ ಮೇಲೆ ಬಿದ್ದವು, ಅವಳು ಅವನ್ನೆಲ್ಲ ಬೆಳೆಸಿದಳು. ಸಾಧ್ವಿ ಎಂದುಕೊಳ್ಳಬೇಡಿ: 1817ರಲ್ಲಿ ಸಾಲ ತೀರಿಸದವನೊಬ್ಬನ ಮೇಲೆ ಕೈಮಾಡಿ ನ್ಯಾಯಾಲಯದಲ್ಲಿ ತಪ್ಪಿತಸ್ಥೆ ಎನಿಸಿಕೊಂಡಳು. 1820ರಲ್ಲಿ ಹೆಣ್ಣುಮಕ್ಕಳೊಂದಿಗೆ ತವರುಸೀಮೆಗೆ ಹೋಗಿ ಮರುವರ್ಷ ಮರಳಿದಳು. 1828ರ ಜನಗಣತಿಯವರು ಬಂದಾಗ ತಾನು 1821ರಲ್ಲಿ ಸ್ವತಂತ್ರಳಾಗಿ ಬಂದವಳೆಂದು ಬರೆಯಿಸಿದಳು. ಅದು ಸುಳ್ಳೆನ್ನಲೂ ಬಾರದು, ಪೂರ್ತಿ ನಿಜವೆನ್ನಲೂ ಬಾರದು.

ಪ್ರಶ್ನೆ: ಹಾಗಾದರೆ ಗಡೀಪಾರು ಎಂಬುದು ಹೆಂಗಸರ ಪಾಲಿಗೆ ಅಷ್ಟೇನೂ ಕಷ್ಟದ್ದಾಗಿರಲಿಲ್ಲ ಎನ್ನಬಹುದೇ?

ಉತ್ತರ: ಖಂಡಿತ ಎನ್ನಲಾಗದು. 1788ರಿಂದ 1853ರವರೆಗೆ ಸುಮಾರು 25,000 ಹೆಂಗಸರು ಹೀಗೆ ಸಾಗಿಸಲ್ಪಟ್ಟರು, ಅವರಲ್ಲಿ ಮೇರಿ ರೀಬಿಯಂಥವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಬಟ್ಟೆಯನ್ನೋ ಸಣ್ಣಪುಟ್ಟ ಸಾಮಾನನ್ನೋ ಕದ್ದವರು. ಹಡಗಿನಿಂದ ಇಳಿದವಳನ್ನು ವಸಾಹತಿನ ಯಾವುದಾದರೊಂದು ಮನೆಗೆ ಸಂಬಳವಿಲ್ಲದ ಆಳಾಗಿ ಒಪ್ಪಿಸುತ್ತಿದ್ದರು. ಒಡೆಯ ಒಳ್ಳೆಯವನಾದರೆ ಬದುಕು ಸಾಗುತ್ತಿತ್ತು, ಅಲ್ಲದಿದ್ದರೆ ಎದುರು ಮಾತಾಡಿದ್ದೇ ಅಪರಾಧವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗುತ್ತಿತ್ತು. ಅಲ್ಲಿಂದ ಮುಂದಿನ ತಾಣ 'ಫೀಮೇಲ್ ಫ್ಯಾಕ್ಟರಿ'. ಕಾರ್ಖಾನೆ ಎಂಬುದು ಹೆಸರಿಗೆ. ಅದು ಸೆರೆಮನೆಯೂ ಹೆರಿಗೆಮನೆಯೂ ಕೂಲಿಕಾರರ ಕೊಟ್ಟಿಗೆಯೂ ಒಟ್ಟಿಗೇ ಆಗಿತ್ತು. ಸಿಡ್ನಿಯ ಬಳಿಯ ಪರಮಟಾದ ಫ್ಯಾಕ್ಟರಿಗೆ ಹೆಂಡತಿಯನ್ನು ಹುಡುಕಿಕೊಂಡು ಗಂಡಸರು ಬರುತ್ತಿದ್ದರು, ಹೆಂಗಸರನ್ನು ಸಾಲಾಗಿ ನಿಲ್ಲಿಸಿ ತೋರಿಸಲಾಗುತ್ತಿತ್ತು. ಅದೇ ಫ್ಯಾಕ್ಟರಿಯಲ್ಲಿ 1827ರಲ್ಲಿ ಆಹಾರ ಕಡಿತಗೊಳಿಸಿದಾಗ ಹೆಂಗಸರು ಬಾಗಿಲು ಮುರಿದು ಊರಿಗೆ ನುಗ್ಗಿ ರೊಟ್ಟಿ, ಮಾಂಸ ದೋಚಿದರು. ಸೈನಿಕರು ಬಂದು ಅವರನ್ನು ಮರಳಿ ಅಟ್ಟಬೇಕಾಯಿತು.

ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ, ಬಿಸಿಲು ಸರಿಯಾಗಿ ಬೀಳದ ಥಂಡಿ ಕಣಿವೆಯೊಂದರಲ್ಲಿದ್ದ ಹಳೆಯ ಮದ್ಯದ ಭಟ್ಟಿಯನ್ನು 1828ರಲ್ಲಿ ಕ್ಯಾಸ್ಕೇಡ್ಸ್ ಫ್ಯಾಕ್ಟರಿಯನ್ನಾಗಿ ಮಾಡಿದರು. ಅಲ್ಲಿನ ಮೂರು ದರ್ಜೆಗಳಲ್ಲಿ ಕೊನೆಯದಾದ ಅಪರಾಧಿ ದರ್ಜೆಯವರ ರವಿಕೆಯ ಬೆನ್ನಿಗೆ, ತೋಳಿಗೆ, ಲಂಗಕ್ಕೆ ಹಳದಿ ಬಣ್ಣದ ದೊಡ್ಡ 'ಸಿ' ಅಕ್ಷರ ಹೊಲಿದಿರುತ್ತಿತ್ತು. ಕೆಲಸದ ಮನೆಯಲ್ಲಿ ಬಸುರಾದವಳನ್ನು ಇಲ್ಲಿಗೆ ವಾಪಸು ಕಳುಹಿಸುತ್ತಿದ್ದರು. ಮಗು ಮೊಲೆ ಬಿಡುವವರೆಗೆ ತಾಯಿಯ ಬಳಿ ಇರುತ್ತಿತ್ತು. ಆಮೇಲೆ ಮಗು ಶಿಶುಗೃಹಕ್ಕೆ, ಬದುಕಿ ಉಳಿದರೆ ಅನಾಥಶಾಲೆಗೆ. ಬಸುರಾದ ತಪ್ಪಿಗೆ ತಾಯಿ ಅಪರಾಧಿ ದರ್ಜೆಗೆ. ಬಸುರು ಮಾಡಿದವನಿಗೆ, ಅವನು ಒಡೆಯನೇ ಆಗಿರಲಿ, ಇಂಥ ಯಾವ ದರ್ಜೆಯೂ ಇರಲಿಲ್ಲ.

ಪ್ರಶ್ನೆ: ಈ ಹೆಂಗಸರು ತಮ್ಮ ಕೈಯಾರೆ ಮಾಡಿದ್ದೇನಾದರೂ ಉಳಿದಿದೆಯೇ?

ಉತ್ತರ: ಒಂದು ಕೌದಿ ಉಳಿದಿದೆ. 1841ರಲ್ಲಿ 'ರಾಜಾ' ಎಂಬ ಹಡಗು 180 ಕೈದಿ ಹೆಂಗಸರನ್ನು ಹೊತ್ತು ಹೋಬಾರ್ಟ್‌ಗೆ ಹೊರಟಾಗ, ಇಂಗ್ಲೆಂಡಿನ ಸೆರೆಮನೆ ಸುಧಾರಕಿ ಎಲಿಜಬೆತ್ ಫ್ರೈ ಅವರ ಬಳಗದವರು ಸೂಜಿ, ದಾರ, ಬಟ್ಟೆಯ ತುಂಡುಗಳನ್ನು ಅವರಿಗೆ ಹಂಚಿದ್ದರು. ಮೂರು ತಿಂಗಳ ಪ್ರಯಾಣದಲ್ಲಿ ಅವರಲ್ಲಿ ಕೆಲವರು 2,815 ತುಂಡುಗಳನ್ನು ಜೋಡಿಸಿ ಮಂಚಕ್ಕಿಂತ ಎಷ್ಟೋ ದೊಡ್ಡದಾದ ಕೌದಿಯೊಂದನ್ನು ಹೊಲಿದರು. ಹೊಲಿಗೆ ಎಲ್ಲ ಕಡೆ ಒಂದೇ ಹದದಲ್ಲಿಲ್ಲ. ಪಳಗಿದ ಕೈಗಳೂ ಮೊದಲ ಬಾರಿ ಸೂಜಿ ಹಿಡಿದ ಕೈಗಳೂ ಅದರಲ್ಲಿ ಬೆರೆತಿವೆ. ಬಹುಕಾಲ ಕಾಣೆಯಾಗಿದ್ದ ಅದು 1980ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಸಿಕ್ಕಿತು. ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ, ಬಟ್ಟೆ ಜೀರ್ಣವಾಗಿರುವುದರಿಂದ ಅಪರೂಪಕ್ಕೊಮ್ಮೆ ಮಾತ್ರ ಹೊರಗೆ ಹರಡುತ್ತಾರೆ. ಬಟ್ಟೆ ಕೊಟ್ಟ ಮಹನೀಯ ಮಹಿಳೆಯರಿಗೆ ಕೃತಜ್ಞತೆ ಹೇಳುವ ಸಾಲುಗಳನ್ನು ಅದರ ಅಂಚಿನ ಬಳಿ ದಾರದಲ್ಲಿ ಬರೆದಿದ್ದಾರೆ. ಹೊಲಿದವರ ಹೆಸರುಗಳು ಅಲ್ಲಿಲ್ಲ.